ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ: ಮನೆಯ ಬ್ಯಾಟರಿ ಮತ್ತು ಸುರಕ್ಷತಾ ಸಾಮಾನುಗಳ ತಪಾಸಣೆ – ಪದೇ ಪದೇ ಕೇಳುವ ಪ್ರಶ್ನೆಗಳು

ಇದನ್ನೆಲ್ಲ ವರ್ಷದಲ್ಲಿ ಯಾವಾಗ ಮಾಡಬೇಕು?

ವರ್ಷಕ್ಕೆ ಎರಡು ಸಲ ಪೂರ್ತಿ ತಪಾಸಣೆ, ತಿಂಗಳಿಗೊಮ್ಮೆ ಐದು ನಿಮಿಷದ ಸಣ್ಣ ತಪಾಸಣೆ. ದಿನ ಮರೆಯದಿರಲು ಯುಗಾದಿಯನ್ನೂ ಆಯುಧಪೂಜೆಯನ್ನೂ ಗೊತ್ತು ಮಾಡಿಕೊಳ್ಳಿ. ಯುಗಾದಿ ಕಳೆಯುತ್ತಿದ್ದಂತೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬರುತ್ತದೆ, ಗಾಳಿಗೆ ಕೊಂಬೆ ಬಿದ್ದು ಕರೆಂಟ್ ಹೋಗುತ್ತದೆ, ಜೂನ್ ಮೊದಲ ವಾರದ ಹೊತ್ತಿಗೆ ಕರಾವಳಿಗೆ ಮುಂಗಾರು ತಲುಪುತ್ತದೆ. ಆಯುಧಪೂಜೆಗೆ ಹೇಗೂ ಗಾಡಿ, ಮಿಕ್ಸಿ, ಪಂಪ್‌ಸೆಟ್ಟು ಎಲ್ಲವನ್ನೂ ಒರೆಸಿ ಕುಂಕುಮ ಇಡುತ್ತೇವೆ. ಅದರ ಹಿಂದೆಯೇ ದೀಪಾವಳಿಯ ಪಟಾಕಿ, ಹಣತೆ.

ತಿಂಗಳ ತಪಾಸಣೆಯಲ್ಲಿ ಮೂರೇ ಕೆಲಸ: ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಬಿದ್ದು ಶಾಕ್ ತಪ್ಪಿಸುವ ಸ್ವಿಚ್ಚಿನ) ಗುಂಡಿ ಒತ್ತುವುದು, ಅಲಾರಂಗಳ ಗುಂಡಿ ಒತ್ತುವುದು, ಟಾರ್ಚು ಮತ್ತು ಚಾರ್ಜಿಂಗ್ ಲೈಟ್ ಉರಿಸಿ ನೋಡುವುದು. ಬ್ಯಾಟರಿ ನೀರು, ಗ್ಯಾಸ್ ಪೈಪು, ಅಗ್ನಿಶಾಮಕ, ಔಷಧಿ ಡಬ್ಬಿ ಇವೆಲ್ಲ ಹಬ್ಬದ ಪಟ್ಟಿಗೆ ಸೇರಿದವು. ಬ್ಯಾಟರಿ ನೀರನ್ನು ಮಾತ್ರ ನಡುವೆ ಇನ್ನೂ ಒಂದೆರಡು ಸಲ ನೋಡಬೇಕಾಗುತ್ತದೆ.

ಎಲ್ಲ ಸಾಮಾನೂ ಮನೆಯಲ್ಲಿದೆ, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದೆ. ಅಷ್ಟು ಸಾಲದೇ?

ಸಾಲದು. ಫ್ರಿಜ್ ಕೆಟ್ಟರೆ ಅದೇ ದಿನ ಗೊತ್ತಾಗುತ್ತದೆ, ಏಕೆಂದರೆ ದಿನವೂ ಬಳಸುತ್ತೇವೆ. ಟಾರ್ಚು, ಆರ್‌ಸಿಸಿಬಿ, ಗ್ಯಾಸ್ ಅಲಾರಂ ಹಾಗಲ್ಲ. ಅವು ಕೆಟ್ಟು ವರ್ಷವಾಗಿದ್ದರೂ ಅಪಾಯದ ಗಳಿಗೆ ಬರುವ ತನಕ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿ ಪರೀಕ್ಷೆ ಎಂದರೆ ಅದರಿಂದ ಕೆಲಸ ಮಾಡಿಸಿ ನೋಡುವುದು. ಇನ್ವರ್ಟರ್ ಮೇಲಿನ ಹಸಿರು ದೀಪ ಬ್ಯಾಟರಿಯ ಆರೋಗ್ಯ ಹೇಳುವುದಿಲ್ಲ, ಒಂದು ಗಂಟೆ ಫ್ಯಾನ್ ತಿರುಗಿಸಿದರೆ ಅದು ಗೊತ್ತಾಗುತ್ತದೆ.

ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವ ಸರಿಯಾದ ಕ್ರಮ ಯಾವುದು?

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು 12 ವೋಲ್ಟಿನ, 150 ಆಂಪಿಯರ್-ಅವರ್ ಸುತ್ತಮುತ್ತಲಿನ ಟ್ಯೂಬ್ಯುಲರ್ ಬ್ಯಾಟರಿ, ಅಂದರೆ ಸೀಸದ ಪ್ಲೇಟು, ಆ್ಯಸಿಡ್ ಇರುವಂಥದ್ದು. ಒಳಗೆ ಆರು ಕೋಣೆ (ಸೆಲ್), ಪ್ರತಿಯೊಂದಕ್ಕೂ ಬೇರೆ ಮುಚ್ಚಳ. ಚಾರ್ಜ್ ಆಗುವಾಗ ಆ್ಯಸಿಡ್‌ನಲ್ಲಿರುವ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಅನಿಲವಾಗಿ ಹೊರಹೋಗುತ್ತದೆ. ಕಡಿಮೆಯಾಗುವುದು ನೀರು ಮಾತ್ರ, ಆ್ಯಸಿಡ್ ಅಲ್ಲ. ಹಾಗಾಗಿ ತುಂಬಬೇಕಾದದ್ದೂ ನೀರನ್ನೇ, ಅದೂ ಡಿಸ್ಟಿಲ್ಡ್ ವಾಟರ್ ಮಾತ್ರ. ಆ್ಯಸಿಡ್ ಸುರಿದರೆ ಒಳಗಿನ ಪ್ಲೇಟು ಬೇಗ ತಿಂದುಹೋಗುತ್ತದೆ.

ಎರಡರಿಂದ ಮೂರು ತಿಂಗಳಿಗೊಮ್ಮೆ ಮಟ್ಟ ನೋಡಿ. ಬೇಸಿಗೆಯಲ್ಲಿ, ಪದೇ ಪದೇ ಕರೆಂಟ್ ಹೋಗುವ ಊರಲ್ಲಿ, ಹಳೆಯ ಬ್ಯಾಟರಿಯಲ್ಲಿ ತಿಂಗಳಿಗೊಮ್ಮೆ.

ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಆಗಲಿ. ಆಮೇಲೆ ಇನ್ವರ್ಟರ್ ಸ್ವಿಚ್ಚನ್ನೂ ಗೋಡೆಯ ಪ್ಲಗ್ಗನ್ನೂ ಆಫ್ ಮಾಡಿ. ಕಿಟಕಿ ತೆರೆಯಿರಿ. ಹೈಡ್ರೋಜನ್ ಬೇಗ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಹತ್ತಿರದಲ್ಲಿ ದೇವರ ದೀಪ, ಊದುಬತ್ತಿ, ಬೀಡಿ ಸಿಗರೇಟು ಯಾವುದೂ ಇರಕೂಡದು. ಕೈಯ ಉಂಗುರ, ಬಳೆ, ವಾಚು ತೆಗೆದಿಡಿ. ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ, ಹಳೆಯ ಬಟ್ಟೆ ಉಟ್ಟಿರಿ. ಒಂದು ಹನಿ ಆ್ಯಸಿಡ್ ಬಿದ್ದರೂ ಎರಡು ಒಗೆತದಲ್ಲಿ ಕಾಟನ್ ಬಟ್ಟೆ ತೂತಾಗುತ್ತದೆ.

ಮುಚ್ಚಳ ತೆಗೆಯುವ ಮುಂಚೆ ಬ್ಯಾಟರಿಯ ನೆತ್ತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲವಾದರೆ ಧೂಳು ಒಳಗೆ ಬೀಳುತ್ತದೆ. ಪ್ರತಿ ಕೋಣೆಯ ತೇಲುಬೆಂಡಿನ ಕಡ್ಡಿಯಲ್ಲಿ ಎರಡು ಗುರುತು ಇರುತ್ತವೆ. ಮೇಲಿನ ಮಟ್ಟದ ಗುರುತು ಬರುವವರೆಗೆ ಮಾತ್ರ, ಪ್ಲಾಸ್ಟಿಕ್ ಆಲಿಕೆ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಸ್ಟೀಲ್ ಲೋಟ, ತಾಮ್ರದ ಚೆಂಬು ಬೇಡ. ಆರೂ ಕೋಣೆಯನ್ನು ನೋಡಿ. ಐದಕ್ಕೆ ಒಂದೇ ಅಳತೆ ಹಿಡಿದು ಆರನೆಯದು ಮಾತ್ರ ಎರಡರಷ್ಟು ನೀರು ಕುಡಿದರೆ ಆ ಸೆಲ್ ಕೆಡುತ್ತಿದೆ ಎಂದರ್ಥ.

ಚಾರ್ಜ್ ಮಾಡುವ ಮೊದಲೇ ತುಂಬಿದರೆ ಏನಾಗುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಚಾರ್ಜ್ ಆಗುವಾಗ ದ್ರವ ಉಬ್ಬಿ, ಗುಳ್ಳೆ ಎದ್ದು, ಮುಚ್ಚಳದ ಸಂದಿನಿಂದ ಹೊರಗೆ ಚೆಲ್ಲುತ್ತದೆ. ಚೆಲ್ಲುವುದು ಬರೀ ನೀರಲ್ಲ, ಆ್ಯಸಿಡ್ ಸಮೇತ. ಟರ್ಮಿನಲ್ ಕೊಳೆಯುತ್ತದೆ, ನೆಲದ ಟೈಲ್ಸ್ ಕಲೆಯಾಗುತ್ತದೆ, ಒಳಗಿನ ಆ್ಯಸಿಡ್ ತೆಳುವಾಗುತ್ತದೆ. ಪ್ಲೇಟುಗಳೇ ಕಾಣುವಷ್ಟು ನೀರು ಇಳಿದಿದ್ದರೆ ಮಾತ್ರ ಕ್ರಮ ಬದಲಾಗುತ್ತದೆ: ಪ್ಲೇಟು ಮುಳುಗುವಷ್ಟು ಮೊದಲು ಹಾಕಿ, ಚಾರ್ಜ್ ಮಾಡಿ, ಉಳಿದದ್ದನ್ನು ಆಮೇಲೆ ತುಂಬಿ.

ಆ್ಯಸಿಡ್ ಚರ್ಮಕ್ಕೆ ಅಥವಾ ಕಣ್ಣಿಗೆ ತಾಗಿದರೆ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆಯಿರಿ. ಕಣ್ಣಾದರೆ ತೊಳೆದ ಮೇಲೆ ನೇರ ಆಸ್ಪತ್ರೆಗೆ ಹೋಗಿ.

ಆರ್‌ಒ ನೀರು, ಮಳೆ ನೀರು, ಏಸಿಯಿಂದ ತೊಟ್ಟಿಕ್ಕುವ ನೀರು ಹಾಕಬಹುದೇ?

ಮೂರೂ ಬೇಡ. ಆರ್‌ಒ ನೀರಿನಲ್ಲಿ ಲವಣ ಕಡಿಮೆ ಇರುತ್ತದೆಯೇ ಹೊರತು ಇಲ್ಲದೇ ಇರುವುದಿಲ್ಲ. ಮಳೆ ನೀರು ಹೆಂಚು, ತಾರಸಿ, ಪೈಪು ದಾಟಿ ಬಂದಿರುತ್ತದೆ. ಏಸಿ ನೀರು ನೋಡಲು ಶುದ್ಧ, ಆದರೆ ಧೂಳು ಹಿಡಿದ ತಾಮ್ರ, ಅಲ್ಯೂಮಿನಿಯಂ ಸುರುಳಿಯ ಮೇಲೆ ಹರಿದದ್ದು. ಬ್ಯಾಟರಿಗೆ ವರ್ಷಕ್ಕೆ ಬೇಕಾಗುವ ಡಿಸ್ಟಿಲ್ಡ್ ವಾಟರ್ ಕೆಲವು ಕ್ಯಾನ್ ಮಾತ್ರ. ಆ ಹಣ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಬ್ಯಾಟರಿಯನ್ನು ಹಾಳು ಮಾಡಿಕೊಳ್ಳಬೇಡಿ.

ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದೆ. ಏನು ಮಾಡಲಿ?

ಆ ಪುಡಿ ಕರೆಂಟ್ ಹರಿಯಲು ಬಿಡುವುದಿಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಆಗುವುದಿಲ್ಲ, ಜೋಡಣೆ ಬಿಸಿಯಾಗಿ ವೈರಿನ ಪ್ಲಾಸ್ಟಿಕ್ ಕರಗಬಹುದು. ಇನ್ವರ್ಟರ್ ಆಫ್ ಮಾಡಿ, ಪ್ಲಗ್ ತೆಗೆದು, ಮೊದಲು ನೆಗೆಟಿವ್ ವೈರನ್ನು, ಆಮೇಲೆ ಪಾಸಿಟಿವ್ ವೈರನ್ನು ಬಿಚ್ಚಿ. ಸ್ಪಾನರ್ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿರಲಿ. ಅದು ಎರಡೂ ಟರ್ಮಿನಲ್‌ಗೆ ಒಟ್ಟಿಗೆ ತಾಗಿದರೆ ಕಿಡಿ ಹಾರಿ ಸ್ಪಾನರೇ ಕೆಂಪಗೆ ಕಾಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ನೊರೆ ನಿಂತರೆ ಆ್ಯಸಿಡ್ ಸತ್ತಿದೆ. ಸೋಡಾ ನೀರು ಕೋಣೆಯ ಒಳಗೆ ಇಳಿಯದಂತೆ ಮುಚ್ಚಳ ಬಿಗಿಯಾಗಿರಲಿ. ಒರೆಸಿ ಒಣಗಿಸಿ, ಈಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಬಿಗಿ ಮಾಡಿ. ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಗ್ರೀಸ್ ಅಥವಾ ಕೊಬ್ಬರಿ ಎಣ್ಣೆ ಬೇಡ.

ಬ್ಯಾಟರಿ ಇನ್ನೂ ಎಷ್ಟು ದಿನ ಬಾಳುತ್ತದೆ ಎಂದು ಮನೆಯಲ್ಲೇ ತಿಳಿಯಬಹುದೇ?

ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಇದ್ದರೆ ಸಾಕು. ಪೂರ್ತಿ ಚಾರ್ಜ್ ಆದ ಮೇಲೆ ಎಲ್ಲ ಆಫ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆದಾಗ 12.7 ವೋಲ್ಟ್ ಆಸುಪಾಸು ಬರಬೇಕು. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ನಿಂತುಬಿಟ್ಟರೆ ಒಂದು ಸೆಲ್ ಸತ್ತಿರುವ ಅನುಮಾನ ಪಡಬೇಕು.

ನಿಜವಾದ ಪರೀಕ್ಷೆ ಲೋಡ್ ಕೊಟ್ಟು ನೋಡುವುದು. ಇನ್ವರ್ಟರಿನ ಗೋಡೆ ಪ್ಲಗ್ ಆಫ್ ಮಾಡಿ, 75 ವಾಟ್‌ನ ಮೂರು ಫ್ಯಾನು, 9 ವಾಟ್‌ನ ಐದು ಎಲ್‌ಇಡಿ ಬಲ್ಬು ಹಾಕಿ. ಒಟ್ಟು 270 ವಾಟ್. ಒಂದು ಗಂಟೆಯ ಬಳಿಕ, ಫ್ಯಾನು ತಿರುಗುತ್ತಿರುವಾಗಲೇ, ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. 150 ಆಂಪಿಯರ್-ಅವರ್ ಬ್ಯಾಟರಿ ಗಟ್ಟಿಯಾಗಿದ್ದರೆ 12ಕ್ಕಿಂತ ಮೇಲೆಯೇ ಇರುತ್ತದೆ. 11.5ಕ್ಕೆ ಇಳಿದಿದ್ದರೆ ಅದು ಸೋತಿದೆ. ಹೊಸದರಲ್ಲಿ ಇದೇ ಲೋಡಿಗೆ ನಾಲ್ಕು ಗಂಟೆ ಬರುತ್ತಿದ್ದದ್ದು ಈಗ ಎರಡು ಗಂಟೆಯೂ ಬಾರದಿದ್ದರೆ ಮಳೆಗಾಲಕ್ಕೆ ಮುಂಚೆ ಬದಲಾಯಿಸಿ. ಬಂದ ಅವಧಿಯನ್ನು ದಿನಾಂಕ ಸಮೇತ ಬ್ಯಾಟರಿಗೇ ಚೀಟಿ ಅಂಟಿಸಿ ಬರೆದಿಡಿ. ಮುಂದಿನ ಸಲ ಹೋಲಿಸಲು ಬೇರೆ ದಾರಿ ಇಲ್ಲ.

ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) ಇದ್ದವರು ಆರೂ ಕೋಣೆಯ ಆ್ಯಸಿಡ್ ಸಾಂದ್ರತೆ ನೋಡಬಹುದು. ಪೂರ್ತಿ ಚಾರ್ಜ್ ಆದ ಟ್ಯೂಬ್ಯುಲರ್ ಬ್ಯಾಟರಿಯಲ್ಲಿ ಅದು 1.240 ಸುತ್ತಮುತ್ತ ಇರುತ್ತದೆ. ಅಂಕಿಗಿಂತ ಮುಖ್ಯವಾದದ್ದು ಕೋಣೆಕೋಣೆಯ ನಡುವಿನ ವ್ಯತ್ಯಾಸ. ಒಂದರಲ್ಲಿ ಮಾತ್ರ 0.050ರಷ್ಟು ಕಡಿಮೆ ತೋರಿದರೆ ಆ ಕೋಣೆ ಹೋಗಿದೆ, ನೀರು ಹಾಕಿ ಉಳಿಸಲಾಗದು.

ಬ್ಯಾಟರಿಯ ಹತ್ತಿರ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ.

ತಕ್ಷಣ ಚಾರ್ಜಿಂಗ್ ನಿಲ್ಲಿಸಿ. ಗೋಡೆಯ ಪ್ಲಗ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಮಕ್ಕಳನ್ನು ಆಚೆ ಕಳಿಸಿ. ಅತಿಯಾಗಿ ಚಾರ್ಜ್ ಆದಾಗ ಅಥವಾ ಒಂದು ಸೆಲ್ ಒಳಗೇ ಶಾರ್ಟ್ ಆದಾಗ ಹೈಡ್ರೋಜನ್ ಸಲ್ಫೈಡ್ ಹೊರಡುತ್ತದೆ. ಅದು ವಿಷ. ಬ್ಯಾಟರಿಯ ಮೈ ಬಿಸಿಯಾಗಿ ಉಬ್ಬಿದ್ದರೆ ಮುಟ್ಟಬೇಡಿ, ತಣ್ಣಗಾದ ಮೇಲೆ ಮೆಕ್ಯಾನಿಕ್‌ಗೆ ತೋರಿಸಿ. ಮಲಗುವ ಕೋಣೆಯಲ್ಲಿ, ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿ ಇನ್ವರ್ಟರ್ ಇಡಬೇಡಿ ಎನ್ನುವುದು ಇದಕ್ಕೇ.

ನಮ್ಮದು ಲಿಥಿಯಂ ಬ್ಯಾಟರಿಯ ಇನ್ವರ್ಟರ್. ಅದಕ್ಕೂ ಇವೆಲ್ಲ ಬೇಕೇ?

ನೀರಿಲ್ಲ, ಆ್ಯಸಿಡ್ ಇಲ್ಲ. ಲೋಡ್ ಪರೀಕ್ಷೆ ಮಾತ್ರ ಬೇಕು, ಗಾಳಿ ಆಡುವ ಜಾಗವೂ ಬೇಕು. ವೋಲ್ಟೇಜ್ ಅಂಕಿಗಳು ಬೇರೆ ಇರುವುದರಿಂದ ಮೇಲಿನ ಲೆಕ್ಕ ಹೊಂದುವುದಿಲ್ಲ, ಬಂದ ಗಂಟೆಯನ್ನಷ್ಟೇ ಬರೆದಿಡಿ.

ಟಾರ್ಚಿನಲ್ಲಿ ಸೆಲ್ ಹಾಕಿಟ್ಟರೆ ಸೋರಿ ಟಾರ್ಚೇ ಹಾಳಾಗುತ್ತದೆ. ಏಕೆ?

ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಸಾದಾ ಸೆಲ್‌ನಲ್ಲಿ ಹೊರಗಿನ ಡಬ್ಬಿಯೇ ಸತುವಿನದು. ಕರೆಂಟ್ ಕೊಡುತ್ತಾ ಕೊಡುತ್ತಾ ಸೆಲ್ ತನ್ನ ಡಬ್ಬಿಯನ್ನೇ ತಿನ್ನುತ್ತದೆ, ಕೊನೆಗೆ ತೂತಾಗಿ ಒಳಗಿನ ರಸ ಸೋರುತ್ತದೆ. ಆಲ್ಕಲೈನ್ ಸೆಲ್‌ಗೆ ಉಕ್ಕಿನ ಡಬ್ಬಿ ಇದೆ. ಅದು ಸೋರುವ ಕಾರಣ ಬೇರೆ: ಪೂರ್ತಿ ಖಾಲಿಯಾದ ಮೇಲೆ ಒಳಗೆ ಅನಿಲ ತುಂಬಿ, ಸೀಲ್ ಬಿಟ್ಟುಕೊಂಡು ಕ್ಷಾರ ಹೊರಬರುತ್ತದೆ. ಹಳೆಯದು ಒಂದು, ಹೊಸದು ಒಂದು, ಅಥವಾ ಬೇರೆ ಬೇರೆ ಕಂಪನಿಯದು ಬೆರೆಸಿ ಹಾಕಿದರೆ ಸೋತ ಸೆಲ್ಲನ್ನು ಗಟ್ಟಿ ಸೆಲ್ ಬಲವಂತವಾಗಿ ದುಡಿಸಿ ಬೇಗ ಸೋರಿಸುತ್ತದೆ. ಬದಲಿಸಿದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ತುರ್ತಿಗೆಂದು ಇಡುವ ಟಾರ್ಚಿಗೆ ಆಲ್ಕಲೈನ್ ಸೆಲ್ ತನ್ನಿ. ಸೆಲ್‌ಗಳನ್ನು ಒಳಗೆ ಹಾಕದೆ ಟಾರ್ಚಿಗೆ ರಬ್ಬರ್ ಬ್ಯಾಂಡ್ ಸುತ್ತಿ ಪಕ್ಕದಲ್ಲೇ ಕಟ್ಟಿಡಿ. ಕತ್ತಲಲ್ಲಿ ಸೆಲ್ ಹಾಕಲು ವಯಸ್ಸಾದವರಿಗೆ ಕಷ್ಟ, ಹಾಗಾಗಿ ಅವರ ಹಾಸಿಗೆ ಪಕ್ಕದ ಟಾರ್ಚಿನಲ್ಲಿ ಮಾತ್ರ ಹಾಕಿರಲಿ, ತಿಂಗಳಿಗೊಮ್ಮೆ ತೆಗೆದು ನೋಡಿ.

ಮಲ್ಟಿಮೀಟರಿನಲ್ಲಿ ಹೊಸ ಆಲ್ಕಲೈನ್ ಸೆಲ್ 1.55ರಿಂದ 1.6 ವೋಲ್ಟ್ ತೋರಿಸುತ್ತದೆ. 1.3ಕ್ಕೆ ಇಳಿದದ್ದನ್ನು ತುರ್ತು ಡಬ್ಬಿಯಿಂದ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿ, ಅಲ್ಲಿ ಇನ್ನೂ ಬಹಳ ದಿನ ನಡೆಯುತ್ತದೆ. ರೀಚಾರ್ಜ್ ಮಾಡುವ ನಿಕಲ್ ಸೆಲ್ ಪೂರ್ತಿ ತುಂಬಿದ್ದರೂ 1.2 ಆಸುಪಾಸು ತೋರುತ್ತದೆ, ಅದನ್ನು ಎಸೆಯಬೇಡಿ. ಮೀಟರ್ ಇಲ್ಲದಿದ್ದರೆ ಟಾರ್ಚನ್ನು ಹತ್ತು ನಿಮಿಷ ಉರಿಸಿಡಿ. ಎಲ್‌ಇಡಿ ಟಾರ್ಚು ಸೋತ ಸೆಲ್‌ನಲ್ಲೂ ಮೊದಲ ನಿಮಿಷ ಝಗ್ಗೆಂದು ಉರಿಯುವುದರಿಂದ ಒಮ್ಮೆ ಹಾಕಿ ಆರಿಸಿದರೆ ಏನೂ ತಿಳಿಯುವುದಿಲ್ಲ.

ಸೋರಿದ ಗುರುತು ಒರೆಸುವಾಗ ಬರಿಗೈ ಬೇಡ. ಆಲ್ಕಲೈನ್ ಸೋರಿದ್ದರೆ ನಿಂಬೆರಸ ಅಥವಾ ವಿನೆಗರ್ ಅದ್ದಿದ ಹತ್ತಿ ಕಡ್ಡಿ, ಸಾದಾ ಸೆಲ್ ಸೋರಿದ್ದರೆ ಅಡುಗೆ ಸೋಡಾ ಕದಡಿದ ನೀರು. ಸ್ಪ್ರಿಂಗ್ ಹೊಳೆಯುವವರೆಗೆ ಉಜ್ಜಿ ಒಣಗಿಸಿದರೆ ಎಷ್ಟೋ ಟಾರ್ಚುಗಳು ಮತ್ತೆ ಉರಿಯುತ್ತವೆ.

ಮಗು ಬಟನ್ ಸೆಲ್ ನುಂಗಿದೆ ಎಂಬ ಅನುಮಾನ ಬಂದರೆ?

ಒಂದು ನಿಮಿಷವೂ ಕಾಯಬೇಡಿ. ನಾಣ್ಯದಷ್ಟಗಲದ ಲಿಥಿಯಂ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗೋಡೆಯನ್ನು ಸುಡುತ್ತದೆ. ಸುಡುವುದು ಸೋರಿಕೆಯಿಂದಲ್ಲ, ಅದರ ಕರೆಂಟ್ ತೇವದಲ್ಲಿ ಹರಿದು ಅಲ್ಲೇ ಕ್ಷಾರ ಹುಟ್ಟಿಸುವುದರಿಂದ. ಆದ್ದರಿಂದ ರಿಮೋಟಿಗೆ ಸಾಲದು ಎಂದು ತೆಗೆದಿಟ್ಟ ಹಳೆಯ ಸೆಲ್ಲೂ ಅಷ್ಟೇ ಅಪಾಯ. ವಾಂತಿ ಮಾಡಿಸಬೇಡಿ, ಬಾಳೆಹಣ್ಣು ತಿನ್ನಿಸಿ ಇಳಿಸಲು ನೋಡಬೇಡಿ. ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಿ. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆಯೊಳಗಾಗಿದ್ದು, ನುಂಗಲು ಸಾಧ್ಯವಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಸಲ. ಜೇನು ಹುಡುಕುತ್ತಾ ಹೊರಡುವುದನ್ನು ತಡ ಮಾಡಬೇಡಿ.

ಹಬ್ಬದ ತಪಾಸಣೆಯಲ್ಲಿ ರಿಮೋಟು, ಆಟಿಕೆ, ತೂಕದ ಯಂತ್ರ, ಹಾಡುವ ಗ್ರೀಟಿಂಗ್ ಕಾರ್ಡು ಇವುಗಳ ಮುಚ್ಚಳಕ್ಕೆ ಸ್ಕ್ರೂ ಬಿಗಿಯಾಗಿದೆಯೇ ನೋಡಿ.

ಚಾರ್ಜಿಂಗ್ ಲೈಟನ್ನು ಯಾವಾಗಲೂ ಪ್ಲಗ್‌ನಲ್ಲೇ ಬಿಡಬಹುದೇ? ಪವರ್ ಬ್ಯಾಂಕ್?

ಬಿಡಬೇಡಿ. ಹಳೆಯ ಮಾದರಿಯ ಲೈಟಿನಲ್ಲಿ ಪುಟ್ಟ ಸೀಸದ ಬ್ಯಾಟರಿ ಇರುತ್ತದೆ. ತಿಂಗಳುಗಟ್ಟಲೆ ಪ್ಲಗ್‌ನಲ್ಲಿದ್ದರೆ ಒಣಗುತ್ತದೆ, ಖಾಲಿ ಮಾಡಿ ಮೂಲೆಗಿಟ್ಟರೆ ಒಳಗೆ ಹರಳುಗಟ್ಟಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಅರ್ಧ ಗಂಟೆ ಉರಿಸಿ, ಮತ್ತೆ ತುಂಬಿಸಿ, ಪ್ಲಗ್ ತೆಗೆದಿಡಿ.

ಪವರ್ ಬ್ಯಾಂಕಿನದು ಲಿಥಿಯಂ. ಬಳಸದೆ ಇಡುವಾಗ ಅರ್ಧ ಚಾರ್ಜಿನಲ್ಲಿ ಇಟ್ಟರೆ ಹೆಚ್ಚು ಕಾಲ ಬಾಳುತ್ತದೆ, ಮಳೆಗಾಲದಲ್ಲಿ ಮಾತ್ರ ಪೂರ್ತಿ ತುಂಬಿಸಿಡಿ. 10,000 ಎಂದು ಬರೆದಿದ್ದರೂ ನಷ್ಟ ಕಳೆದು 5,000 ಬ್ಯಾಟರಿಯ ಮೊಬೈಲನ್ನು ಸುಮಾರು ಒಂದೂವರೆ ಸಲ ಮಾತ್ರ ತುಂಬುತ್ತದೆ. ಹೊಟ್ಟೆ ಉಬ್ಬಿದ ಪವರ್ ಬ್ಯಾಂಕನ್ನು ಒತ್ತಬೇಡಿ, ಚುಚ್ಚಬೇಡಿ, ಇನ್ನೊಮ್ಮೆ ಚಾರ್ಜ್‌ಗೆ ಹಾಕಬೇಡಿ.

ಆರ್‌ಸಿಸಿಬಿಯ ಗುಂಡಿಯನ್ನು ನಾವೇ ಒತ್ತಬಹುದೇ? ಮನೆಯಲ್ಲಿ ಎಂಸಿಬಿ ಇದೆಯಲ್ಲ?

ನೀವೇ ಒತ್ತಬೇಕು, ಅದನ್ನು ಇಟ್ಟಿರುವುದೇ ಮನೆಯವರಿಗಾಗಿ. ಎಂಸಿಬಿ, ಅಂದರೆ ಲೋಡ್ ಮಿತಿಮೀರಿದಾಗ ಬೀಳುವ ಸ್ವಿಚ್, ಕಾಪಾಡುವುದು ವೈರನ್ನು, ಮನುಷ್ಯರನ್ನಲ್ಲ. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ 16ಕ್ಕಿಂತ ಹೆಚ್ಚು ಆಂಪಿಯರ್ ಹರಿಯಬೇಕು, ಮನುಷ್ಯನ ಪ್ರಾಣ ಹೋಗಲು ಅದರ ಸಣ್ಣ ಪಾಲು ಸಾಕು. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿಕೆಗೇ ಕರೆಂಟ್ ಕತ್ತರಿಸುತ್ತದೆ. ಅದರ ಮೇಲೆ 30 ಎಂಎ ಎಂದು ಬರೆದಿರುತ್ತದೆ, ಈಗಲೇ ಹೋಗಿ ನೋಡಿ. 100 ಅಥವಾ 300 ಎಂದಿದ್ದರೆ ಅದು ಶಾಕ್ ತಡೆಯಲು ಹಾಕಿದ್ದಲ್ಲ.

ಕಂಪ್ಯೂಟರ್ ಆಫ್ ಮಾಡಿ, ಕರೆಂಟ್ ಇರುವಾಗ ‘ಟಿ’ ಗುಂಡಿ ಒತ್ತಿ. ಕರೆಂಟ್ ಹೋಗಿರುವಾಗ ಒತ್ತಿದರೆ ಏನೂ ಆಗುವುದಿಲ್ಲ. ತಟ್ಟನೆ ಬಿದ್ದರೆ ಸರಿ, ಮೇಲೆತ್ತಿ. ಬೀಳದಿದ್ದರೆ ಅಥವಾ ಎರಡು ಮೂರು ಸಲ ಒತ್ತಿದ ಮೇಲೆ ಬಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿ. ವರ್ಷಗಟ್ಟಲೆ ಅಲುಗಾಡದೆ ಕೂತ ಆರ್‌ಸಿಸಿಬಿಯ ಒಳಗಿನ ಕೊಂಡಿ ಅಂಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಒತ್ತುವುದರಿಂದ ಕೊಂಡಿಯೂ ಸಡಿಲವಾಗಿ ಇರುತ್ತದೆ.

ಇನ್ವರ್ಟರ್ ಹಾಕಿಸಿದ ಮರುದಿನದಿಂದ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳತೊಡಗಿದರೆ ಇನ್ವರ್ಟರಿನ ಮತ್ತು ಮನೆಯ ನ್ಯೂಟ್ರಲ್ (ಕರೆಂಟ್ ಹಿಂದಿರುಗುವ) ವೈರುಗಳನ್ನು ಬೆರೆಸಿದ್ದಾರೆ ಎಂದು ಅನುಮಾನಿಸಿ. ಬೇಸತ್ತು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುವವರಿದ್ದಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ, ವೈರಿಂಗ್ ಸರಿ ಮಾಡಿಸಿ.

ಗುಂಡಿ ಒತ್ತಿದರೆ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಜೋಡಣೆ) ಪರೀಕ್ಷೆ ಆದಂತಲ್ಲ. ಬೇಸಿಗೆಯಲ್ಲಿ ನೆಲದಲ್ಲಿ ತೋಡಿದ ಅರ್ಥಿಂಗ್ ಹೊಂಡಕ್ಕೆ ವಾರಕ್ಕೊಮ್ಮೆ ಒಂದೆರಡು ಬಿಂದಿಗೆ ನೀರು ಹಾಕಿ, ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್‌ನಿಂದ ಅಳೆಸಿ.

ಗ್ಯಾಸ್ ಪೈಪ್ ಎಷ್ಟು ವರ್ಷಕ್ಕೆ ಬದಲಿಸಬೇಕು?

ಉಕ್ಕಿನ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೆ ಐದು ವರ್ಷ. ಮೈಮೇಲೆಯೇ ಐಎಸ್ 9573 ಎಂಬ ಗುರುತೂ ವರ್ಷವೂ ಅಚ್ಚಾಗಿರುತ್ತದೆ. ಉದ್ದ ಒಂದೂವರೆ ಮೀಟರ್ ದಾಟಬಾರದು. ಐದು ವರ್ಷ ತುಂಬದಿದ್ದರೂ ಬಗ್ಗಿಸಿದಾಗ ಬಿರುಕು ಕಂಡರೆ, ಇಲಿ ಕಚ್ಚಿದ್ದರೆ, ಗ್ರಾನೈಟ್ ತೂತಿನ ಅಂಚಿಗೆ ಉಜ್ಜಿ ಸವೆದಿದ್ದರೆ ಬದಲಿಸಿ. ಚೆಂದಕ್ಕೆಂದು ಪೈಪಿಗೆ ಬಟ್ಟೆಯ ಕವರ್ ಹಾಕಬೇಡಿ, ಬಿರುಕು ಕಾಣದೇ ಹೋಗುತ್ತದೆ.

ಸೋರಿಕೆ ನೋಡಲು ಸೋಪಿನ ನೀರು ಸಾಕು. ಒಲೆಯ ಗುಂಡಿ ಮುಚ್ಚಿ, ರೆಗ್ಯುಲೇಟರ್ ತೆರೆದು, ಪೈಪಿನ ಎರಡೂ ತುದಿಗೆ, ರೆಗ್ಯುಲೇಟರ್ ಕೂರುವ ಜಾಗಕ್ಕೆ ನೊರೆ ಹಚ್ಚಿ. ಗುಳ್ಳೆ ಬೆಳೆದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಪದ್ಧತಿ ಪ್ರಾಣಕ್ಕೆ ಎರವು.

ಹೊಸ ಸಿಲಿಂಡರ್ ಬಂದಾಗ ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿ ನೋಡಿ. ಇಂಗ್ಲಿಷಿನ ಎ, ಬಿ, ಸಿ, ಡಿ ಅಕ್ಷರದಲ್ಲೊಂದು ಮತ್ತು ಎರಡಂಕಿಯ ವರ್ಷ ಇರುತ್ತದೆ. ಎ ಎಂದರೆ ಮಾರ್ಚ್ ಕೊನೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ-28 ಎಂದಿದ್ದರೆ ಜೂನ್ 2028ರೊಳಗೆ ಆ ಸಿಲಿಂಡರಿನ ಮರುಪರೀಕ್ಷೆ ಆಗಬೇಕು. ಗಡುವು ದಾಟಿದ್ದನ್ನು ತೆಗೆದುಕೊಳ್ಳಬೇಡಿ.

ಗ್ಯಾಸ್ ಅಲಾರಂ ಎಲ್ಲಿ ಹಾಕಬೇಕು?

ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ನೆಲದಿಂದ ಒಂದಡಿಯೊಳಗೆ ಹಾಕಿ. ಬೆಂಗಳೂರಿನ ಹಲವು ಬಡಾವಣೆಗಳಿಗೆ ಬಂದಿರುವ ಪೈಪ್ ಗ್ಯಾಸ್ ಹಗುರ, ಮೇಲೇರುತ್ತದೆ. ಅದಕ್ಕೆ ಸೂರಿನ ಹತ್ತಿರ. ಸಿಲಿಂಡರಿನಿಂದ ಪೈಪ್ ಗ್ಯಾಸಿಗೆ ಬದಲಾದ ಮನೆಗಳಲ್ಲಿ ಅಲಾರಂ ಹಳೆಯ ಜಾಗದಲ್ಲೇ ಉಳಿದುಬಿಡುತ್ತದೆ, ಅದರಿಂದ ಉಪಯೋಗವಿಲ್ಲ. ಸೆನ್ಸರ್ ಸುಮಾರು ಐದು ವರ್ಷಕ್ಕೆ ಮಂಕಾಗುತ್ತದೆ. ಗುಂಡಿ ಒತ್ತಿದಾಗ ಕೂಗಿದರೂ ಅದು ಸದ್ದಿನ ಪರೀಕ್ಷೆ, ಮೂಗಿನದಲ್ಲ.

ಗ್ಯಾಸ್ ಗೀಸರ್ ಇದೆ. ಅದೇ ಅಲಾರಂ ಸಾಕೇ?

ಸಾಲದು. ಗೀಸರಿನಿಂದ ಪ್ರಾಣ ಹೋಗುವುದು ಹೆಚ್ಚಾಗಿ ಗ್ಯಾಸ್ ಸೋರಿ ಅಲ್ಲ, ಮುಚ್ಚಿದ ಬಚ್ಚಲಲ್ಲಿ ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ನಿಂದ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ತಲೆಸುತ್ತು ಶುರುವಾಗಿ ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಗೀಸರನ್ನು ಬಚ್ಚಲ ಹೊರಗೆ, ಗಾಳಿಯಾಡುವಲ್ಲಿ ಹಾಕಿಸಿ, ನೀರಿನ ಪೈಪು ಮಾತ್ರ ಒಳಗೆ ಬರಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇರೆಯೇ ಸಿಗುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಗೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವುದೂ, ಮನೆಯೊಳಗೆ ಜನರೇಟರ್ ಓಡಿಸುವುದೂ ಇದೇ ಅಪಾಯ.

ಹೊಗೆ ಅಲಾರಂ ನಿಮಿಷಕ್ಕೊಮ್ಮೆ ಟಿಕ್ ಎನ್ನುತ್ತಿದೆ. ಒಗ್ಗರಣೆ ಹಾಕಿದರೆ ಪೂರ್ತಿ ಕೂಗುತ್ತದೆ.

ನಿಮಿಷಕ್ಕೊಮ್ಮೆ ಟಿಕ್ ಎಂದರೆ ಬ್ಯಾಟರಿ ಮುಗಿಯುತ್ತಿದೆ. ಬದಲಿಸಿದ ಮೇಲೂ ನಿಲ್ಲದಿದ್ದರೆ ಹಿಂಬದಿಯ ತಯಾರಿಕೆ ದಿನಾಂಕ ನೋಡಿ, ಹತ್ತು ವರ್ಷ ದಾಟಿದ್ದರೆ ಇಡೀ ಅಲಾರಮ್ಮನ್ನೇ ಬದಲಿಸಬೇಕು. ಒಣಮೆಣಸಿನ ಒಗ್ಗರಣೆಗೆ, ಧೂಪಕ್ಕೆ ಕೂಗುತ್ತದೆಂದು ಬ್ಯಾಟರಿ ಕಿತ್ತಿಡುವುದು ಹೊರದೇಶದ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯ. ಅದರ ಬದಲು ಒಲೆಯಿಂದ ಮೂರು ಮೀಟರ್ ದೂರಕ್ಕೆ ಸರಿಸಿ, ಫೋಟೋಎಲೆಕ್ಟ್ರಿಕ್ (ಬೆಳಕಿನ ಕಿರಣದಿಂದ ಹೊಗೆ ಗುರುತಿಸುವ) ಮಾದರಿ ಹಾಕಿ, ಸದ್ದು ತಾತ್ಕಾಲಿಕವಾಗಿ ನಿಲ್ಲಿಸುವ ಗುಂಡಿ ಬಳಸಿ. ಅಮೆರಿಕದಲ್ಲಿರುವವರಿಗೆ ಮಾರ್ಚ್ ಮತ್ತು ನವೆಂಬರಿನಲ್ಲಿ ಗಡಿಯಾರ ತಿರುಗಿಸುವ ಭಾನುವಾರಗಳು ಈ ಕೆಲಸಕ್ಕೆ ಅನುಕೂಲ, ಹೆಚ್ಚುಕಡಿಮೆ ಯುಗಾದಿ, ದೀಪಾವಳಿಯ ಆಸುಪಾಸಿಗೇ ಬರುತ್ತವೆ.

ಮನೆಗೆ ಯಾವ ಅಗ್ನಿಶಾಮಕ? ಅದರಲ್ಲಿ ಏನು ನೋಡಬೇಕು?

ಐಎಸ್‌ಐ ಗುರುತಿನ ಎಬಿಸಿ ಪುಡಿಯದು (ಘನ, ದ್ರವ, ಅನಿಲ ಮೂರರ ಬೆಂಕಿಗೂ ಆಗುವಂಥದ್ದು), 2 ಕೆಜಿ. ಒಲೆಯ ಪಕ್ಕದಲ್ಲಿ ಅಲ್ಲ, ಅಡುಗೆಮನೆಯ ಬಾಗಿಲ ಹೊರಗೆ ತೂಗುಹಾಕಿ. ಗೇಜಿನ ಮುಳ್ಳು ಹಸಿರಿನಲ್ಲಿ ಇರಬೇಕು, ಪಿನ್ನು ಮತ್ತು ಸೀಲು ಹಾಗೇ ಇರಬೇಕು. ನಳಿಕೆಯ ಬಾಯಿಗೆ ಟಾರ್ಚ್ ಬಿಟ್ಟು ನೋಡಿ: ಕಣಜದ ಹುಳ ಮಣ್ಣಿನ ಗೂಡು ಕಟ್ಟಿ ಬಾಯಿ ಮುಚ್ಚಿರುವುದು ನಮ್ಮಲ್ಲಿ ಅಪರೂಪವಲ್ಲ. ಪುಡಿ ತಳದಲ್ಲಿ ಗಟ್ಟಿಯಾಗದಂತೆ ತಲೆಕೆಳಗೆ ಮಾಡಿ ಕೆಲವು ಸಲ ಅಲುಗಾಡಿಸಿ. ಮರುಭರ್ತಿಯ ದಿನಾಂಕ ಚೀಟಿಯಲ್ಲಿರುತ್ತದೆ. ಒಂದೇ ಒಂದು ಸಲ ಸ್ವಲ್ಪ ಚಿಮ್ಮಿಸಿದ್ದರೂ ಮರುಭರ್ತಿ ಮಾಡಿಸಿ, ಪುಡಿ ವಾಲ್ವಿನಲ್ಲಿ ಕೂತು ಒತ್ತಡ ಸೋರಿಹೋಗುತ್ತದೆ.

2 ಕೆಜಿಯದು ಹತ್ತು ಸೆಕೆಂಡಿನ ಒಳಗೆ ಖಾಲಿ. ಪಿನ್ ಎಳೆದು, ಎರಡು ಮೀಟರ್ ದೂರದಿಂದ, ಬೆಂಕಿಯ ಬುಡಕ್ಕೆ ಗುರಿಯಿಟ್ಟು ಆಚೀಚೆ ಬೀಸಬೇಕು, ಬೆನ್ನ ಹಿಂದೆ ಬಾಗಿಲು ಇರಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಇದೂ ಬೇಡ, ನೀರಂತೂ ಬೇಡವೇ ಬೇಡ. ಒಲೆ ಆರಿಸಿ, ತಟ್ಟೆ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ.

ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲಿರುವ ರೋಗಿ ಇದ್ದಾರೆ.

5 ಲೀಟರಿನ ಯಂತ್ರ ಸುಮಾರು 300ರಿಂದ 400 ವಾಟ್ ಎಳೆಯುತ್ತದೆ. ಸೈನ್ ವೇವ್ (ಲೈನಿನ ಕರೆಂಟಿನಂತೆಯೇ ನಯವಾದ ಅಲೆಯ) ಇನ್ವರ್ಟರ್ ಬೇಕು. ಅದನ್ನೇ ಲೋಡ್ ಮಾಡಿ ಎಷ್ಟು ಗಂಟೆ ಬರುತ್ತದೆಂದು ಬೇರೆ ಆಕ್ಸಿಜನ್ ಕೈಯಲ್ಲಿಟ್ಟುಕೊಂಡೇ ಪರೀಕ್ಷಿಸಿ. ಇನ್ವರ್ಟರನ್ನೇ ನಂಬಿ ಕೂರಬೇಡಿ. ಬಿ ಟೈಪ್ ಆಕ್ಸಿಜನ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ನಿಮಿಷಕ್ಕೆ 2 ಲೀಟರಿನಂತೆ 12 ಗಂಟೆ ಬರುತ್ತದೆ. ಅದರ ಗೇಜನ್ನು ತಿಂಗಳ ತಪಾಸಣೆಗೆ ಸೇರಿಸಿ.

ಮಲೆನಾಡು, ಕರಾವಳಿಯಲ್ಲಿ ಮೂರು ನಾಲ್ಕು ದಿನ ಕರೆಂಟ್ ಬರುವುದಿಲ್ಲ. ಇನ್ವರ್ಟರ್ ಏನು ಮಾಡೀತು?

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿದಾಗ ಕರೆಂಟ್ ಜೊತೆಗೆ ಫೋನೂ ನಿಂತ ಊರುಗಳಿದ್ದವು. ಅಂಥ ಹೊತ್ತಿಗೆ ಲೆಕ್ಕ ಬದಲಾಗಬೇಕು. 150ರ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಅವರ್ ಇದೆ. ಫ್ಯಾನ್ ಬಿಟ್ಟು ಎರಡು ಬಲ್ಬು, ಮೊಬೈಲು ಮಾತ್ರ ಎಂದರೆ ಒಂದು ದಿನ ದಾಟುತ್ತದೆ. ಇನ್ವರ್ಟರ್ ತಾನೇ ಸುಮ್ಮನೆ ಕೂತಿದ್ದರೂ 10ರಿಂದ 20 ವಾಟ್ ತಿನ್ನುವುದರಿಂದ ಮಲಗುವಾಗ ಅದನ್ನೇ ಆಫ್ ಮಾಡಿ. ಸಿಗ್ನಲ್ ಇಲ್ಲದಲ್ಲಿ ಮೊಬೈಲ್ ಟವರ್ ಹುಡುಕುತ್ತಾ ಬ್ಯಾಟರಿ ಮುಗಿಸುತ್ತದೆ. ಫ್ಲೈಟ್ ಮೋಡ್‌ಗೆ ಹಾಕಿ, ಗಂಟೆಗೊಮ್ಮೆ ತೆರೆದು ನೋಡಿ. ಸೆಲ್ ಹಾಕುವ ರೇಡಿಯೋ ಒಂದು ಇರಲಿ, ಆಕಾಶವಾಣಿ ಕೇಳಲು ಮೊಬೈಲ್ ಟವರ್ ಬೇಕಿಲ್ಲ.

ನೀರು ನುಗ್ಗುವ ಮನೆಯಾದರೆ ಇನ್ವರ್ಟರ್ ಬ್ಯಾಟರಿಯನ್ನು ನೆಲದ ಟ್ರಾಲಿಯಿಂದ ಎತ್ತರದ ಕಟ್ಟೆಗೆ ಮಳೆಗಾಲಕ್ಕೆ ಮೊದಲೇ ಏರಿಸಿ. ನೀರು ಹೊಸ್ತಿಲು ಮುಟ್ಟುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ನೀರಲ್ಲಿ ನಿಂತು ಮುಟ್ಟಬೇಡಿ. ನೀರಿನಲ್ಲಿ ಮುಳುಗಿದ ಆರ್‌ಸಿಸಿಬಿ, ಎಂಸಿಬಿಗಳನ್ನು ಒಣಗಿಸಿ ಬಳಸುವಂತಿಲ್ಲ, ಬದಲಿಸಲೇಬೇಕು.

ಸಿಡಿಲಿಗೆ ರಾಜ್ಯದ ‘ಸಿಡಿಲು’, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್‌ಗಳಿವೆ. ಗುಡುಗು ಹತ್ತಿರವಾದರೆ ಟಿವಿ, ರೂಟರ್, ಇನ್ವರ್ಟರ್ ಪ್ಲಗ್‌ಗಳನ್ನು ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹಳೆಯ ಬ್ಯಾಟರಿಗಳನ್ನು ಏನು ಮಾಡುವುದು?

ಇನ್ವರ್ಟರ್ ಬ್ಯಾಟರಿಯನ್ನು ಹೊಸದು ಕೊಂಡ ಅಂಗಡಿಗೇ ಕೊಡಿ, ಸೀಸದ ಬೆಲೆ ಕಳೆದು ಬಿಲ್ ಮಾಡುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಗುಜರಿಯವರಿಗೆ ಕೊಟ್ಟರೆ ಆ್ಯಸಿಡ್ ಚರಂಡಿಗೆ ಸೇರುವ ಸಂಭವವೇ ಹೆಚ್ಚು. ಲಿಥಿಯಂ ಮತ್ತು ಬಟನ್ ಸೆಲ್‌ಗಳ ಎರಡೂ ಮುಖಕ್ಕೆ ಸೆಲ್ಲೋ ಟೇಪ್ ಅಂಟಿಸಿ, ಇ-ತ್ಯಾಜ್ಯಕ್ಕೆ ಕೊಡಿ. ಕಸದ ಗಾಡಿಯಲ್ಲಿ ಒಂದಕ್ಕೊಂದು ತಾಗಿ ಬೆಂಕಿ ಹತ್ತುವುದು ಹೀಗೆ ಟೇಪ್ ಹಾಕದ್ದರಿಂದ.

ಯಾವ ಯಾವ ನಂಬರು ಬರೆದಿಟ್ಟುಕೊಳ್ಳಬೇಕು?

ಎಲ್ಲ ತುರ್ತಿಗೂ 112. ಆಂಬುಲೆನ್ಸ್ 108, ಅಗ್ನಿಶಾಮಕ ದಳ 101, ಗ್ಯಾಸ್ ಸೋರಿಕೆ 1906, ವಿದ್ಯುತ್ ಕಂಪನಿ 1912, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ (ಆರಿಸಲೂ ಬೇಡ), ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಎಲ್ಲರೂ ಹೊರಬಂದ ಮೇಲೆ ಅಂಗಳದಿಂದ ಫೋನ್ ಮಾಡಿ. ನಂಬರುಗಳನ್ನು ಮೊಬೈಲಿನಲ್ಲಿ ಮಾತ್ರವಲ್ಲ, ದಪ್ಪ ಅಕ್ಷರದಲ್ಲಿ ಕಾಗದಕ್ಕೆ ಬರೆದು ಮೇನ್ ಸ್ವಿಚ್ ಬೋರ್ಡಿನ ಮುಚ್ಚಳದ ಮೇಲೆ ಅಂಟಿಸಿ. ಅದೇ ಕಾಗದದ ಕೆಳಗೆ ಕೊನೆಯ ತಪಾಸಣೆಯ ದಿನಾಂಕ, ಗ್ಯಾಸ್ ಪೈಪಿನ ವರ್ಷ, ಅಲಾರಂ ತಂದ ವರ್ಷ, ಇನ್ವರ್ಟರ್ ಎಷ್ಟು ಗಂಟೆ ಬಂತು ಎಂಬುದನ್ನೂ ಬರೆಯಿರಿ.